ಲೀಡ್ ಬರ್ತಿಲ್ಲ ಅಂತ ಕ್ಲೈಂಟ್ ಫೋನ್ ಮಾಡಿದ್ರೆ ಎಲ್ಲಿಂದ ಹುಡುಕೋದು? ಅಕೌಂಟ್ ಮ್ಯಾನೇಜರ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬೆಳಗ್ಗೆ ಒಂಬತ್ತೂವರೆ, ಸಿಲ್ಕ್ ಬೋರ್ಡ್ ಹತ್ರ ಬಸ್ಸಲ್ಲಿ ನಿಂತಿದೀರ, ಕ್ಲೈಂಟ್ ಫೋನು. "ನಿನ್ನೆ ಸಂಜೆಯಿಂದ ಒಂದೂ ಲೀಡ್ ಬಂದಿಲ್ಲ, ಏನ್ ನಡೀತಿದೆ?" ಅಂತಾರೆ. ಲೀಡ್ ಅಂದ್ರೆ ಆಡ್ ನೋಡಿ ಆಸಕ್ತಿಯಿಂದ ಹೆಸರು, ನಂಬರು ಕೊಟ್ಟೋರು. ಆ ಕ್ಷಣಕ್ಕೆ ಕೈ ತಾನಾಗೇ ಹೋಗೋದು ಆಡ್ಸ್ ಆಪ್ ಕಡೆಗೆ, ಬಜೆಟ್ ಏರಿಸೋಣ, ಬಿಡ್ (ಆಡ್ ಜಾಗದ ಹರಾಜಲ್ಲಿ ಕೂಗೋ ರೇಟು) ಬದಲಾಯಿಸೋಣ, ಹೊಸ ಕ್ಯಾಂಪೇನ್ ಬಿಡೋಣ ಅಂತ. ದಯವಿಟ್ಟು ಮಾಡ್ಬೇಡಿ. ಬೆಂಗಳೂರಲ್ಲಿ ಏಜೆನ್ಸಿ ಕೆಲಸ ಮಾಡ್ತಾ ನಾನು ನೋಡಿರೋ ಕೇಸ್‌ಗಳಲ್ಲಿ ಜಾಸ್ತಿ ಸಲ ದೋಷ ಆಡ್ ಒಳಗೆ ಇರಲೇ ಇಲ್ಲ, ಕಾರ್ಡಲ್ಲಿತ್ತು, ಫಾರ್ಮಲ್ಲಿತ್ತು, ಸ್ಪ್ಯಾಮ್ ಫೋಲ್ಡರಲ್ಲಿತ್ತು, ಫೋನ್ ಎತ್ತದೇ ಇರೋ ಸೇಲ್ಸ್ ಹುಡುಗನ ಹತ್ರ ಇತ್ತು. ಗಾಬರೀಲಿ ಚೆನ್ನಾಗಿ ಓಡ್ತಿರೋ ಕ್ಯಾಂಪೇನ್ ಕೆದಕಿದ್ರೆ ಮೊದಲು ಒಂದು ದೋಷ ಇತ್ತು, ಈಗ ಎರಡಾಗುತ್ತೆ.

ಏನೇ ಮುಟ್ಟೋ ಮುಂಚೆ ಕ್ಲೈಂಟಿಗೆ ಎರಡು ಪ್ರಶ್ನೆ ಕೇಳಿ. ಯಾವಾಗಿಂದ ಹೀಗೆ? ಮತ್ತೆ, ಎಲ್ಲಿ ನೋಡಿ ಹೇಳ್ತಿದೀರ? ಎರಡನೇದು ಬಹಳ ಮುಖ್ಯ, ಯಾಕಂದ್ರೆ "ಲೀಡ್ ಬಂದಿಲ್ಲ" ಅನ್ನೋದಕ್ಕೆ ಮೇಲ್ ಬಂದಿಲ್ಲ, ಸಿಆರ್‌ಎಂನಲ್ಲಿ (ಗ್ರಾಹಕರ ವಿವರ ಇಡೋ ಸಾಫ್ಟ್‌ವೇರ್) ಕಾಣ್ತಿಲ್ಲ, ರಿಸೆಪ್ಷನಿಸ್ಟ್ ಹೇಳಿದ್ರು, ಹೀಗೆ ಮೂರ್ನಾಲ್ಕು ಅರ್ಥ ಇದೆ, ಒಂದೊಂದಕ್ಕೂ ಹುಡುಕೋ ಜಾಗ ಬೇರೆ. "ಹತ್ತು ನಿಮಿಷ ಕೊಡಿ, ನೋಡಿ ನಾನೇ ಫೋನ್ ಮಾಡ್ತೀನಿ" ಅಂತ ಹೇಳಿ, ಹೇಳಿದ ಹತ್ತು ನಿಮಿಷಕ್ಕೆ ಉತ್ತರ ಸಿಕ್ಕಿರ್ಲಿ ಬಿಡ್ಲಿ ಫೋನ್ ಮಾಡಿ.

"ಒಂದೂ ಲೀಡ್ ಇಲ್ಲ"

ಮೊದಲು ಖರ್ಚು ನೋಡಿ. ನಿನ್ನೆ, ಇವತ್ತು ದುಡ್ಡು ಖರ್ಚಾಗಿದ್ಯಾ ಇಲ್ವಾ, ಅಷ್ಟೇ. ಈ ಒಂದು ನಂಬರ್ ಅರ್ಧ ದಾರಿ ತೋರಿಸುತ್ತೆ.

ಖರ್ಚೇ ಸೊನ್ನೆ ಇದ್ರೆ ಮೊದಲ ಅನುಮಾನ ಪೇಮೆಂಟ್ ಮೇಲೆ. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ಇ-ಮ್ಯಾಂಡೇಟ್ ನಿಯಮ ಬಂದ್ಮೇಲೆ ಕಾರ್ಡಿಂದ ತಾನಾಗೇ ದುಡ್ಡು ಕಟ್ ಆಗೋದು ಮೊದಲಿನಷ್ಟು ಸಲೀಸಿಲ್ಲ, ಮೊದಲು 5,000 ರೂಪಾಯಿ ಮಿತಿ ಇತ್ತು, 2022ರ ಜೂನಲ್ಲಿ ಅದನ್ನ 15,000ಕ್ಕೆ ಏರಿಸಿದ್ರು, ಅದರ ಮೇಲಾದ್ರೆ ಪ್ರತಿ ಸಲ ಒಟಿಪಿ ಬೇಕು. ಆ ಒಟಿಪಿ ಹೋಗೋದು ಮಾಲೀಕರ ಫೋನಿಗೆ, ಮಾಲೀಕರು ಧರ್ಮಸ್ಥಳಕ್ಕೆ ಹೋಗಿದಾರೆ, ಆಡ್ ನಿಂತಿದೆ. ಇದು ನನ್ನ ಕಣ್ಣೆದುರೇ ಆಗಿದೆ. ಅದಕ್ಕೇ ನಾನು ಸಣ್ಣ ಕ್ಲೈಂಟ್‌ಗಳಿಗೆ ಯುಪಿಐ ಅಥವಾ ನೆಟ್ ಬ್ಯಾಂಕಿಂಗಲ್ಲಿ ಮುಂಚೇನೇ ದುಡ್ಡು ತುಂಬಿಸಿಡೋ ದಾರೀನೇ ಹೇಳೋದು.

ಅದರಲ್ಲೂ ಒಂದು ಲೆಕ್ಕ ಇದೆ, ಇದನ್ನ ಕ್ಲೈಂಟಿಗೆ ಮೊದಲ ದಿನಾನೇ ಬಿಡಿಸಿ ಹೇಳ್ಬೇಕು. ಗೂಗಲ್ ಆಡ್ಸಲ್ಲಿ ಮುಂಗಡ 50,000 ತುಂಬಿದ್ರೆ ಅದರಲ್ಲೇ 18% ಜಿಎಸ್‌ಟಿ ಹಿಡ್ಕೊಂಡು ಆಡ್‌ಗೆ ಉಳಿಯೋದು ಸುಮಾರು 42,373 ರೂಪಾಯಿ. ಕ್ಲೈಂಟ್ ತಿಂಗಳಿಗೆ 50,000 ಅಂತ ಲೆಕ್ಕ ಇಟ್ಕೊಂಡಿರ್ತಾರೆ, ನಾವು ದಿನಕ್ಕೆ 1,650ರ ಬಜೆಟ್ ಹಾಕಿರ್ತೀವಿ, 26ನೇ ತಾರೀಕಿಗೆ ದುಡ್ಡು ಖಾಲಿ, ತಿಂಗಳ ಕೊನೆ ವಾರ ಲೀಡ್ ಇಲ್ಲ. ಪ್ರತಿ ತಿಂಗಳೂ ಕೊನೆ ವಾರದಲ್ಲೇ ಲೀಡ್ ನಿಲ್ತಿದೆ ಅಂದ್ರೆ ನೂರಕ್ಕೆ ನೂರು ಈ ಲೆಕ್ಕ ತಪ್ಪಿದ್ಯಾ ಅಂತ ಮೊದಲು ನೋಡಿ, ಬೇರೆಲ್ಲ ಆಮೇಲೆ.

ಪೇಮೆಂಟ್ ಸರಿ ಇದೆ, ಆದ್ರೂ ಖರ್ಚಿಲ್ಲ ಅಂದ್ರೆ ಆಡ್ ಡಿಸಪ್ರೂವ್ ಆಗಿದ್ಯಾ ನೋಡಿ. "ಡೆಸ್ಟಿನೇಷನ್ ನಾಟ್ ವರ್ಕಿಂಗ್" ಅಂತ ಬಂದಿದ್ರೆ, ನಿಮ್ಮ ಫೋನಲ್ಲಿ ಸೈಟ್ ಚೆನ್ನಾಗೇ ಓಪನ್ ಆಗುತ್ತೆ, ಕ್ಲೈಂಟ್ ಫೋನಲ್ಲೂ ಆಗುತ್ತೆ, ಎಲ್ಲಾರೂ ತಲೆ ಕೆಡಿಸ್ಕೋತಾರೆ. ಇಲ್ಲಿ ಆಗಿರೋದು ಏನಂದ್ರೆ ಹೋಸ್ಟಿಂಗ್‌ನವ್ರು ಫೈರ್‌ವಾಲಲ್ಲಿ ಹೊರದೇಶದ ಟ್ರಾಫಿಕ್ ಬ್ಲಾಕ್ ಮಾಡಿರ್ತಾರೆ, ಗೂಗಲ್‌ನ ಪರೀಕ್ಷೆ ಮಾಡೋ ಬಾಟ್ ಭಾರತದ ಹೊರಗಿಂದಾನೂ ಬರುತ್ತೆ, ಅದಕ್ಕೆ ಬಾಗಿಲು ಮುಚ್ಚಿದೆ. ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ, ವೆಬ್‌ಸೈಟ್ ನೋಡ್ಕೊಳೋರಿಗೆ "ಆಡ್ಸ್‌ಬಾಟ್‌ಗೆ ಅವಕಾಶ ಕೊಡಿ" ಅಂತ ಸ್ಕ್ರೀನ್‌ಶಾಟ್ ಸಮೇತ ಬರೀರಿ, ಅವರು ಸರಿ ಮಾಡಿದ್ಮೇಲೆ ಅಪೀಲ್ ಹಾಕಿ.

ಇನ್ನು ಖರ್ಚಾಗ್ತಿದೆ, ಕ್ಲಿಕ್ಕೂ ಬರ್ತಿದೆ, ಲೀಡ್ ಮಾತ್ರ ಇಲ್ಲ. ಇಲ್ಲಿ ನಿಮ್ಮ ಕೈಲಿರೋ ಎಲ್ಲಕ್ಕಿಂತ ಒಳ್ಳೆ ಉಪಕರಣ ನಿಮ್ಮದೇ ಫೋನು. ಆಫೀಸ್ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಲ್ಯಾಂಡಿಂಗ್ ಪೇಜ್, ಅಂದ್ರೆ ಆಡ್ ಒತ್ತಿದ್ರೆ ತೆರೆಯೋ ಪೇಜ್, ತೆಗೀರಿ (ಆಡ್ ಮೇಲೆ ಕ್ಲಿಕ್ ಮಾಡ್ಬೇಡಿ, ಅದಕ್ಕೂ ದುಡ್ಡು ಹೋಗುತ್ತೆ, ಲಿಂಕ್ ಕಾಪಿ ಮಾಡ್ಕೊಳಿ), ನಿಜವಾದ ಗ್ರಾಹಕರ ಥರ ಫಾರ್ಮ್ ತುಂಬಿ, ಹೆಸರಿನ ಜಾಗದಲ್ಲಿ "ಟೆಸ್ಟ್" ಅಂತ ಹಾಕಿ, ಕ್ಲೈಂಟಿಗೆ ಮುಂಚೆ ಹೇಳಿಬಿಡಿ, ಇಲ್ಲಾಂದ್ರೆ ಸೇಲ್ಸ್‌ನವ್ರು ನಿಮಗೇ ಫೋನ್ ಮಾಡ್ತಾ ಕೂತ್ಕೋತಾರೆ. ಈಗ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಗಮನಿಸಿ.

ಬಟನ್ ಒತ್ತಿದ್ರೆ ಏನೂ ಆಗ್ತಿಲ್ವಾ? ಸೈಟಲ್ಲಿ ಯಾರೋ ಪ್ಲಗಿನ್ ಅಪ್‌ಡೇಟ್ ಮಾಡಿದಾರೆ, ಫಾರ್ಮ್ ಮುರಿದಿದೆ. ಒಟಿಪಿ ಕೇಳ್ತಿದೆ, ಆದ್ರೆ ಬರ್ತಿಲ್ವಾ? ಎಸ್ಎಂಎಸ್ ಕ್ರೆಡಿಟ್ ಮುಗಿದಿರ್ಬಹುದು, ಇಲ್ಲ ಅಂದ್ರೆ ಡಿಎಲ್‌ಟಿ (ಕಂಪನಿಗಳ ಎಸ್ಎಂಎಸ್ ನೋಂದಣಿ ವ್ಯವಸ್ಥೆ) ಟೆಂಪ್ಲೇಟ್ ತೊಂದರೆ, ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ನೋಂದಣಿ ಆಗಿರೋ ಟೆಂಪ್ಲೇಟಿಗೆ ಹೊಂದದೇ ಇರೋ ಮೆಸೇಜನ್ನ ಟೆಲಿಕಾಂ ಕಂಪನಿ ದಾಟಿಸಲ್ಲ, ವೆಬ್‌ಸೈಟ್ ಹುಡುಗ "ನಮಸ್ಕಾರ" ಅಂತ ಒಂದು ಪದ ಸೇರಿಸಿದ್ರೂ ಒಟಿಪಿ ನಿಂತುಹೋಗುತ್ತೆ. ಥ್ಯಾಂಕ್ಯೂ ಪೇಜ್ ಬಂತು, ಆದ್ರೆ ಮೇಲ್ ಬಂದಿಲ್ಲ ಅಂದ್ರೆ ಲೀಡ್ ಸತ್ತಿಲ್ಲ, ಬಹಳ ಸಲ ಸ್ಪ್ಯಾಮಲ್ಲಿ ಬಿದ್ದಿರುತ್ತೆ. ವರ್ಡ್‌ಪ್ರೆಸ್ ಸೈಟ್ ಎಸ್ಎಂಟಿಪಿ (ಲಾಗಿನ್ ಆಗಿ ಮೇಲ್ ಕಳಿಸೋ ವ್ಯವಸ್ಥೆ) ಇಲ್ದೆ ನೇರ ಸರ್ವರಿಂದ ಮೇಲ್ ಕಳಿಸ್ತಿದ್ರೆ ಹೀಗೇ ಆಗೋದು. ಸ್ಪ್ಯಾಮ್ ಫೋಲ್ಡರ್ ತೆಗ್ಸಿ ನೋಡಿ, ಒಂದು ದಂತ ಚಿಕಿತ್ಸಾಲಯದ ಕೇಸಲ್ಲಿ ಹನ್ನೊಂದು ದಿನದ ವಿಚಾರಣೆಗಳು ಅಲ್ಲೇ ಮಲಗಿದ್ವು, ಹಲ್ಲುನೋವು ಅಂತ ಬರೆದೋರಿಗೆ ಹನ್ನೊಂದು ದಿನ ಯಾರೂ ಫೋನ್ ಮಾಡಿಲ್ಲ ಅನ್ನೋದು ಇವತ್ತಿಗೂ ನನಗೆ ಕಾಡುತ್ತೆ.

ಮೆಟಾದ ಇನ್‌ಸ್ಟಂಟ್ ಫಾರ್ಮ್ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗೇ ತೆರೆಯೋ ಫಾರ್ಮ್) ಆಗಿದ್ರೆ ಹುಡುಕೋ ಜಾಗ ಬೇರೆ. ಅಲ್ಲಿ ಲೀಡ್ ಬಂದು ಕೂತಿರುತ್ತೆ, ಸಿಆರ್‌ಎಂಗೆ ಹೋಗೋ ಕೊಂಡಿ ಕಳಚಿರುತ್ತೆ. ಆ ಕೊಂಡಿ ಹಾಕಿದ ಹುಡುಗಿ ಕೆಲಸ ಬಿಟ್ಟಿರ್ತಾಳೆ, ಇಲ್ಲ ಪಾಸ್‌ವರ್ಡ್ ಬದಲಾಯಿಸಿರ್ತಾಳೆ, ಪರ್ಮಿಷನ್ ಹೋಗುತ್ತೆ. ಮೆಟಾದವ್ರ ಲೀಡ್ ಟೆಸ್ಟಿಂಗ್ ಟೂಲಲ್ಲಿ ಒಂದು ಟೆಸ್ಟ್ ಲೀಡ್ ಬಿಟ್ಟು ನೋಡಿದ್ರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಒಂದು ಎಚ್ಚರಿಕೆ, ಆ ಫಾರ್ಮಿನ ಲೀಡ್‌ಗಳನ್ನ 90 ದಿನ ಮಾತ್ರ ಡೌನ್‌ಲೋಡ್ ಮಾಡ್ಕೋಬಹುದು, ಆಮೇಲೆ ಸಿಗಲ್ಲ. ಹಾಗಾಗಿ ಕೊಂಡಿ ಸರಿ ಮಾಡೋದು ಆಮೇಲೆ, ಮೊದಲು ಇರೋದೆಲ್ಲ ಡೌನ್‌ಲೋಡ್ ಮಾಡಿಟ್ಕೊಳಿ. ಮತ್ತೆ ಆ ಶೀಟನ್ನ ವಾಟ್ಸಾಪ್ ಗ್ರೂಪಿಗೆ ಎಸೀಬೇಡಿ, ಲಿಂಕ್ ಇರೋರೆಲ್ಲ ನೋಡ್ಬಹುದು ಅಂತ ಶೇರ್ ಮಾಡ್ಬೇಡಿ, ಅದು ನೂರಾರು ಜನರ ಫೋನ್ ನಂಬರು, ನಮ್ಮನ್ನ ನಂಬಿ ಕೊಟ್ಟಿರೋದು.

ನಿಲ್ಲಿಸಬೇಕಾದ ಜಾಗ: ಟೆಸ್ಟ್ ಲೀಡ್ ಎಲ್ಲಿ ತಪ್ಪೋಯ್ತು ಅಂತ ಗೊತ್ತಾದ್ಮೇಲೆ ಸೈಟಿನ ಕೋಡ್ ನೀವೇ ತೆರೆದು ರಿಪೇರಿಗೆ ಇಳೀಬೇಡಿ, ಪಾಸ್‌ವರ್ಡ್ ಇದ್ರೂ ಅಷ್ಟೇ. ಡೆವಲಪರ್‌ಗೆ ಕೊಡಿ. ಅವರು ಸರಿ ಮಾಡೋ ತನಕ ಆಡ್ ನಿಲ್ಲಿಸಿಡ್ಬೇಕಾ ಅನ್ನೋದನ್ನ ಕ್ಲೈಂಟ್ ಹತ್ರ ಕೇಳಿ, ಒಡೆದ ಕೊಡಕ್ಕೆ ನೀರು ಹೊಯ್ಯೋ ಹಾಗೆ ಅವರ ದುಡ್ಡು ಹೋಗ್ತಿರುತ್ತೆ.

"ಲೀಡ್ ಬರ್ತಿದೆ, ಆದ್ರೆ ಎಲ್ಲಾ ಜಂಕು"

ಇದು ಎಲ್ಲಕ್ಕಿಂತ ಕಷ್ಟದ ದೂರು, ಯಾಕಂದ್ರೆ ಎರಡೂ ಕಡೆಯವ್ರು ತಮ್ಮದೇ ಸರಿ ಅಂತಿರ್ತಾರೆ. "ಜಂಕ್" ಅನ್ನೋ ಪದನೇ ಒಂದು ಲಕ್ಷಣ, ಕಾಯಿಲೆ ಹೆಸರಲ್ಲ. ಅದನ್ನ ಬಿಡಿಸ್ಬೇಕು. ಕ್ಲೈಂಟ್ ಹತ್ರ ಕೊನೇ 20 ಲೀಡ್ ಎತ್ಕೊಂಡು ಕೂತ್ಕೊಳಿ, ಒಂದೊಂದರ ಮುಂದೆ ಏನಾಯ್ತು ಬರೀರಿ: ಫೋನ್ ಎತ್ಲಿಲ್ಲ, ನಂಬರ್ ತಪ್ಪು, ಬೇರೆ ಊರು, ಕೆಲಸ ಕೇಳಿದ್ರು, ಬಜೆಟ್ ಇಲ್ಲ, ನಾನು ಫಾರ್ಮೇ ತುಂಬಿಲ್ಲ ಅಂದ್ರು. ಈ ಪಟ್ಟಿ ಮಾಡಿದ ತಕ್ಷಣ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತೆ.

"ಫೋನ್ ಎತ್ಲಿಲ್ಲ" ಜಾಸ್ತಿ ಇದ್ರೆ, ಫಾರ್ಮ್ ತುಂಬಿದ ಸಮಯ ಮತ್ತೆ ಮೊದಲ ಕಾಲ್ ಮಾಡಿದ ಸಮಯ ಅಕ್ಕಪಕ್ಕ ಇಡಿ. ಶನಿವಾರ ರಾತ್ರಿ ತುಂಬಿದವ್ರಿಗೆ ಸೋಮವಾರ ಮಧ್ಯಾಹ್ನ ಫೋನ್ ಹೋಗಿದ್ರೆ ಅದು ಲೀಡಿನ ತಪ್ಪಲ್ಲ. ಇದನ್ನ ಹೇಳೋವಾಗ ಮೀಟಿಂಗಲ್ಲಿ ಹತ್ತು ಜನರ ಮುಂದೆ ಸೇಲ್ಸ್ ಟೀಮಿನ ಮೇಲೆ ಹಾಕ್ಬೇಡಿ, ಮಾಲೀಕರಿಗೆ ಒಬ್ಬರಿಗೇ ತೋರಿಸಿ, ಪರಿಹಾರ ಜೊತೆಗೇ ಇಟ್ಕೊಂಡು ಹೋಗಿ, ಉದಾಹರಣೆಗೆ ಭಾನುವಾರ ಒಬ್ರು ಡ್ಯೂಟಿ, ಇಲ್ಲ ಅಂದ್ರೆ ಆ ಹೊತ್ತಿಗೆ ಆಡ್ ಓಡಿಸೋದೇ ಬೇಡ ಅಂತ.

ಇನ್ನೊಂದು, ಇದರ ಬಗ್ಗೆ ಯಾರೂ ಮಾತಾಡಲ್ಲ ಅದಕ್ಕೇ ಹೇಳ್ತೀನಿ. ದಾವಣಗೆರೆ, ಹಾಸನ, ಕೊಪ್ಪಳದ ಕಡೆಯಿಂದ ಬಂದ ಲೀಡಿಗೆ ಕಾಲ್ ಸೆಂಟರಿಂದ ಹಿಂದೀಲಿ ಇಲ್ಲಾ ಪಟಪಟ ಇಂಗ್ಲಿಷಲ್ಲಿ ಫೋನ್ ಹೋಗುತ್ತೆ, ಆ ಕಡೆಯವ್ರು ಎರಡು ಸಲ "ಏನ್ರೀ?" ಅಂದು ಇಟ್ಬಿಡ್ತಾರೆ, ಶೀಟಲ್ಲಿ "ಆಸಕ್ತಿ ಇಲ್ಲ" ಅಂತ ಬರೆಯೋದು. ಆಡ್ ಕನ್ನಡದಲ್ಲಿ, ಫಾರ್ಮ್ ಕನ್ನಡದಲ್ಲಿ, ಫೋನ್ ಮಾತ್ರ ಬೇರೆ ಭಾಷೇಲಿ. ಒಂದು ಕಾಲೇಜು ಅಡ್ಮಿಷನ್ ಕ್ಯಾಂಪೇನಲ್ಲಿ ನಾವು ಆಡಿಗೆ ಒಂದು ಬದಲಾವಣೆನೂ ಮಾಡ್ಲಿಲ್ಲ, ಕನ್ನಡ ಮಾತಾಡೋ ಇಬ್ಬರನ್ನ ಫೋನಿಗೆ ಕೂರಿಸಿ ಅಂತ ಕೇಳ್ಕೊಂಡ್ವಿ, ಅದೇ ಹಳೇ "ಜಂಕ್" ಪಟ್ಟಿಗೆ ಮತ್ತೆ ಫೋನ್ ಮಾಡಿದಾಗ ಅಪ್ಪ ಅಮ್ಮಂದಿರು ಹತ್ತು ಹತ್ತು ನಿಮಿಷ ಮಾತಾಡಿದ್ರು, ಹಾಸ್ಟೆಲ್ ಊಟ ಹೇಗಿರುತ್ತೆ ಅಂತೆಲ್ಲ ಕೇಳಿದ್ರು. ಲೀಡ್ ಚೆನ್ನಾಗೇ ಇತ್ತು.

"ಬೇರೆ ಊರು" ಜಾಸ್ತಿ ಇದ್ರೆ ಗೂಗಲ್ ಆಡ್ಸಿನ ಲೊಕೇಶನ್ ಆಯ್ಕೆ ತೆಗೀರಿ. ಮೊದಲಿಂದ ಇರೋ ಸೆಟ್ಟಿಂಗು ಆ ಊರಲ್ಲಿ ಇರೋರು ಮತ್ತೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದೋರು ಇಬ್ಬರನ್ನೂ ಸೇರಿಸ್ಕೊಳುತ್ತೆ. ಮೈಸೂರಿನ ಫಿಸಿಯೋಥೆರಪಿ ಸೆಂಟರಿಗೆ ಪುಣೆಯಲ್ಲಿ ಕೂತು ಮೈಸೂರು ಟ್ರಿಪ್ ಹುಡುಕ್ತಿರೋರು ಬೇಕಾಗಿಲ್ಲ, "ಪ್ರೆಸೆನ್ಸ್" ಮಾತ್ರ ಅಂತ ಬದಲಾಯಿಸಿ. ಆದ್ರೆ ಸರ್ಜಾಪುರ ರೋಡಿನ ಅಪಾರ್ಟ್‌ಮೆಂಟಿಗೆ ಆ ಆಸಕ್ತಿ ಇರೋರು ಬೇಕಾಗ್ಬಹುದು, ದುಬೈಯಿಂದ ಹುಡುಕೋ ನಮ್ಮವ್ರೇ ಇರ್ತಾರೆ, ಅದಕ್ಕೆ ಯೋಚನೆ ಮಾಡಿ ಮುಟ್ಟಿ.

"ಕೆಲಸ ಕೇಳಿದ್ರು" ಅಂದ್ರೆ ಸರ್ಚ್ ಟರ್ಮ್ಸ್ ರಿಪೋರ್ಟ್ (ಜನ ಏನು ಹುಡುಕಿದಾಗ ಆಡ್ ಬಂತು ಅನ್ನೋ ಪಟ್ಟಿ) ನೋಡಿ, ಬ್ರಾಡ್ ಮ್ಯಾಚಲ್ಲಿ, ಅಂದ್ರೆ ಸಂಬಂಧ ಇರೋ ಹುಡುಕಾಟಕ್ಕೆಲ್ಲ ಆಡ್ ಬರೋ ಹಾಗೆ ಬಿಟ್ಟಿರೋ ಕೀವರ್ಡು "ನರ್ಸ್ ವೇಕೆನ್ಸಿ", "ಸಂಬಳ ಎಷ್ಟು", "ಸರ್ಕಾರಿ ಆಸ್ಪತ್ರೆ ಉಚಿತ" ಅಂತ ಎಲ್ಲೆಲ್ಲೋ ಅಲೆದಾಡಿರುತ್ತೆ, ನೆಗೆಟಿವ್ (ಆಡ್ ಬರಬಾರದ ಪದ) ಹಾಕಿ, ಕನ್ನಡ ಲಿಪಿಯ ಪದಗಳನ್ನೂ ಹಾಕಿ, ಬಹಳ ಜನ ಇಂಗ್ಲಿಷ್ ಪದ ಮಾತ್ರ ಹಾಕಿ ಸುಮ್ಮನಾಗ್ತಾರೆ. "ಫಾರ್ಮೇ ತುಂಬಿಲ್ಲ" ಅನ್ನೋದು ಮೆಟಾದಲ್ಲಿ ಜಾಸ್ತಿ, ನಂಬರ್ ತಾನಾಗೇ ತುಂಬಿಕೊಂಡಿರುತ್ತೆ, ಬೆರಳು ಎರಡು ಸಲ ತಾಗಿದ್ರೆ ಹೋಯ್ತು. ಹೈಯರ್ ಇಂಟೆಂಟ್ ಅನ್ನೋ ಫಾರ್ಮ್ ಬಗೆಗೆ ಬದಲಾಯಿಸಿದ್ರೆ ಕಳಿಸೋ ಮುಂಚೆ ಒಂದು ಸಲ ನೋಡಿ ಖಚಿತಪಡಿಸ್ಬೇಕು, ಲೀಡ್ ಸಂಖ್ಯೆ ಕಮ್ಮಿ ಆಗುತ್ತೆ, ಕ್ಲೈಂಟಿಗೆ ಮೊದಲೇ ಹೇಳಿ.

ಕೊನೆಗೆ ಕಷ್ಟದ್ದು: ಕನ್ವರ್ಷನ್, ಅಂದ್ರೆ ಆಡ್ ಗೆದ್ದಿದೆ ಅಂತ ಎಣಿಸೋ ಕ್ರಿಯೆ, ಯಾವುದಕ್ಕೆ ಇಟ್ಟಿದೀವಿ ಅನ್ನೋದು. ಬಟನ್ ಕ್ಲಿಕ್ಕಿಗೋ ಪೇಜ್ ನೋಡಿದ್ದಕ್ಕೋ ಕನ್ವರ್ಷನ್ ಇಟ್ಟಿದ್ರೆ ಯಂತ್ರ ಅಂಥವ್ರನ್ನೇ ಹುಡುಕಿ ತರುತ್ತೆ, ಅದು ಹೇಳಿದ ಮಾತು ಕೇಳ್ತಿದೆ. ಇದನ್ನ ಬದಲಾಯಿಸೋದು ಮೀಡಿಯಾ ಟೀಮಿನ ಜೊತೆ ಕೂತು ಮಾಡೋ ಕೆಲಸ, ಒಬ್ರೇ ರಾತ್ರಿ ಕೂತು ಮಾಡ್ಬೇಡಿ.

"ಮೂರು ಕಡೆ ಮೂರು ನಂಬರು"

ಮೆಟಾ 80 ಅಂತಿದೆ, ಜಿಎ4ನಲ್ಲಿ (ಸೈಟಿಗೆ ಬಂದೋರನ್ನ ಎಣಿಸೋ ಗೂಗಲ್ ಅನಾಲಿಟಿಕ್ಸ್) 45, ನಮ್ಮ ಶೀಟಲ್ಲಿ 61, ಯಾರು ಸುಳ್ಳು ಹೇಳ್ತಿರೋದು ಅಂತ ಕ್ಲೈಂಟ್ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಯಾರೂ ಸುಳ್ಳು ಹೇಳ್ತಿಲ್ಲ, ಎಣಿಸೋ ರೀತಿ ಬೇರೆ. ಮೆಟಾ ಸಾಮಾನ್ಯವಾಗಿ ಕ್ಲಿಕ್ ಮಾಡಿ 7 ದಿನದ ಒಳಗೆ ಅಥವಾ ಬರೀ ಆಡ್ ನೋಡಿ 1 ದಿನದ ಒಳಗೆ ಆಗಿದ್ದನ್ನ ತನ್ನದು ಅನ್ನುತ್ತೆ. ಗೂಗಲ್ ಆಡ್ಸ್ ಮಾಮೂಲಿಯಾಗಿ ಕ್ಲಿಕ್ ಆಗಿ 30 ದಿನದ ತನಕ ನೋಡುತ್ತೆ, ಅದೂ ಅಲ್ದೆ ಲೀಡ್ ಬಂದ ದಿನಕ್ಕೆ ಬರೆಯಲ್ಲ, ಕ್ಲಿಕ್ ಆದ ದಿನಕ್ಕೆ ಬರೆಯುತ್ತೆ. ಅಂದ್ರೆ 3ನೇ ತಾರೀಕು ಕ್ಲಿಕ್ ಮಾಡಿ 9ಕ್ಕೆ ಫಾರ್ಮ್ ತುಂಬಿದ್ರೆ ಗೂಗಲ್ ಆಡ್ಸಲ್ಲಿ 3ಕ್ಕೆ ಕಾಣುತ್ತೆ, ಕ್ಲೈಂಟ್ ಶೀಟಲ್ಲಿ 9ಕ್ಕೆ. ಕಳೆದ ವಾರದ ರಿಪೋರ್ಟ್ ಈ ವಾರ ತೆಗೆದ್ರೆ ನಂಬರ್ ಏರಿರೋದು ಇದಕ್ಕೇ.

ಸುಲಭದ ಪರೀಕ್ಷೆಗಳು ಇವು. ಎಲ್ಲಾ ಕಡೆ ಒಂದೇ ತಾರೀಕಿನ ಅವಧಿ ಇದ್ಯಾ, ಆಡ್ ಅಕೌಂಟಿನ ಟೈಮ್ ಜೋನ್ ಭಾರತದ್ದೇನಾ (ಯಾರೋ ಅಮೆರಿಕದ ಟೈಮಲ್ಲಿ ತೆರೆದ ಅಕೌಂಟ್ ಆದ್ರೆ ದಿನ ಮುಗಿಯೋದೇ ನಮ್ಮ ಮಧ್ಯಾಹ್ನಕ್ಕೆ), ಜಿಎ4ನಲ್ಲಿ ಡೇಟಾ ಪೂರ್ತಿ ಕೂರೋಕೆ 24ರಿಂದ 48 ಗಂಟೆ ಬೇಕು ಹಾಗಾಗಿ ಇವತ್ತಿನ ನಂಬರ್ ಇವತ್ತೇ ಹೋಲಿಸ್ಬೇಡಿ. ಆಮೇಲೆ ಲಿಂಕಿಗೆ ಯಾವ ಆಡಿಂದ ಬಂದ್ರು ಅಂತ ತೋರಿಸೋ ಟ್ಯಾಗ್ ಹಾಕಿದ್ಯಾ, ಸೈಟಲ್ಲಿ ರೀಡೈರೆಕ್ಟ್ ಇದ್ದು ಗೂಗಲ್ ಹಾಕೋ ಕ್ಲಿಕ್ ಐಡಿ ಉದುರಿ ಹೋಗ್ತಿದ್ಯಾ ನೋಡಿ, ಹಾಗಾಗಿದ್ರೆ ಆಡಿಂದ ಬಂದೋರು "ಡೈರೆಕ್ಟ್" ಅಂತ ಕಾಣ್ತಾರೆ. ವ್ಯತ್ಯಾಸ ಇರೋದು ಸಹಜ, ಆ ವ್ಯತ್ಯಾಸ ಪ್ರತಿ ತಿಂಗಳೂ ಹೆಚ್ಚುಕಮ್ಮಿ ಒಂದೇ ಥರ ಇದ್ರೆ ಬಿಟ್ಬಿಡಿ. ಇದ್ದಕ್ಕಿದ್ದಂತೆ ಡಬಲ್ ಆದ್ರೆ ಸೈಟಲ್ಲಿರೋ ಎಣಿಸೋ ಟ್ಯಾಗ್ (ಕೋಡ್) ಎರಡು ಸಲ ಹೊಡೀತಿದೆ, ಸೊನ್ನೆ ಆದ್ರೆ ಟ್ಯಾಗೇ ಕಿತ್ತೋಗಿದೆ, ಟ್ಯಾಗ್ ಅಸಿಸ್ಟೆಂಟ್ ಮತ್ತೆ ಪಿಕ್ಸೆಲ್ ಹೆಲ್ಪರ್ ಹಾಕಿ ನೋಡಿದ್ರೆ ಕಾಣುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ ಕ್ಲೈಂಟಿನ ಶೀಟನ್ನೇ ಸತ್ಯ ಅಂತ ಇಟ್ಕೊಳಿ, ಅದು ಎಷ್ಟೇ ಒರಟಾಗಿರ್ಲಿ. ಅವರ ಅಂಗಡಿಗೆ ಎಷ್ಟು ಜನ ಬಂದ್ರು ಅನ್ನೋದು ಅವರಿಗೆ ಗೊತ್ತು. ನಮ್ಮ ಡ್ಯಾಶ್‌ಬೋರ್ಡ್ ಹಿಡ್ಕೊಂಡು ಅವರ ಜೊತೆ ವಾದ ಮಾಡಿ ಗೆದ್ದೋರನ್ನ ನಾನು ನೋಡಿಲ್ಲ.

"ಲೀಡಿನ ರೇಟು ಇದ್ದಕ್ಕಿದ್ದಂತೆ ಡಬಲ್"

ಕ್ಯಾಲೆಂಡರ್ ನೋಡಿ, ಅದಕ್ಕೆ ದುಡ್ಡು ಬೇಡ. ಆಷಾಢ ಶುರುವಾಗಿದ್ರೆ ಸೈಟು, ಮನೆ, ಮದುವೆ ಹಾಲ್, ಒಡವೆ ಇವುಗಳ ವಿಚಾರಣೆ ಇಳಿಯೋದು ನಮ್ಮಲ್ಲಿ ಮಾಮೂಲು, ಶ್ರಾವಣ ಬಂದು ವರಮಹಾಲಕ್ಷ್ಮಿ ಹತ್ರ ಆದ ಹಾಗೆ ಏಳುತ್ತೆ, ಪಿತೃಪಕ್ಷದಲ್ಲಿ ಮತ್ತೆ ಇಳಿಯುತ್ತೆ. ಕಾಲೇಜುಗಳದ್ದು ಸಿಇಟಿ, ಪಿಯು ಫಲಿತಾಂಶದ ಸುತ್ತ ತಿರುಗುತ್ತೆ. ದೀಪಾವಳಿ ಮುಂಚೆ ದೊಡ್ಡ ಬ್ರ್ಯಾಂಡ್‌ಗಳೆಲ್ಲ ದುಡ್ಡು ಸುರಿಯೋದ್ರಿಂದ ಹರಾಜಲ್ಲಿ ರೇಟ್ ಏರುತ್ತೆ. ಹೋದ ವರ್ಷ ಇದೇ ಮಾಸದ ಜೊತೆ ಹೋಲಿಸಿ, ಇಂಗ್ಲಿಷ್ ತಿಂಗಳ ಜೊತೆ ಅಲ್ಲ, ಯಾಕಂದ್ರೆ ಅಧಿಕ ಮಾಸ ಬಂದ ವರ್ಷ ಅದರ ನಂತರದ ಬಹಳಷ್ಟು ಹಬ್ಬ ಮುಂದಕ್ಕೆ ಹೋಗಿರುತ್ತೆ.

ಕ್ಯಾಲೆಂಡರಲ್ಲಿ ಕಾರಣ ಇಲ್ಲ ಅಂದ್ರೆ ಚೇಂಜ್ ಹಿಸ್ಟರಿ. ಗೂಗಲ್ ಆಡ್ಸಲ್ಲಿ ಎರಡು ವರ್ಷದ ತನಕ ಯಾರು ಏನು ಬದಲಾಯಿಸಿದ್ರು ಇರುತ್ತೆ, ಅದರಲ್ಲಿ ತಾನಾಗೇ ಅಪ್ಲೈ ಆದ ರೆಕಮೆಂಡೇಶನ್‌ಗಳೂ ಕಾಣುತ್ತೆ, ಹೊಸ ಬ್ರಾಡ್ ಮ್ಯಾಚ್ ಕೀವರ್ಡ್ ಸೇರಿರೋದು ಹಲವು ಸಲ ಹಾಗೇ. ಮೆಟಾದಲ್ಲಿ ಆಡ್ ಸೆಟ್ ಲರ್ನಿಂಗ್ ಹಂತಕ್ಕೆ (ಯಾರಿಗೆ ತೋರಿಸ್ಬೇಕು ಅಂತ ಇನ್ನೂ ಕಲಿಯೋ ಹಂತ) ವಾಪಸ್ ಹೋಗಿದ್ಯಾ ನೋಡಿ. ವಾರದಲ್ಲಿ ಸುಮಾರು 50 ಫಲಿತಾಂಶ ಬಂದ್ರೆ ಅದು ಆ ಹಂತ ದಾಟುತ್ತೆ, ದೊಡ್ಡ ಬದಲಾವಣೆ ಮಾಡಿದ್ರೆ ಮತ್ತೆ ಮೊದಲಿಂದ. ಕ್ಲೈಂಟ್ ದಿನಾ ಒಂದು ಬದಲಾವಣೆ ಕೇಳಿ, ನಾವು ದಿನಾ ಮಾಡಿ, ಕ್ಯಾಂಪೇನ್ ಒಂದು ದಿನಾನೂ ನೆಮ್ಮದಿಯಾಗಿ ಓಡಿರಲ್ಲ. ಇಂಥ ಕಡೆ ನಮ್ಮ ಕೆಲಸ "ಶುಕ್ರವಾರದ ತನಕ ಮುಟ್ಟೋದು ಬೇಡ" ಅಂತ ಹೇಳಿ ಕಾಯೋದು. ಅದನ್ನ ಬರಹದಲ್ಲಿ ಹೇಳಿ.

ಫ್ರೀಕ್ವೆನ್ಸಿ ಏರಿದ್ಯಾ, ಅದೇ ಜನಕ್ಕೆ ಅದೇ ವಿಡಿಯೋ ಹತ್ತನೇ ಸಲ ಹೋಗ್ತಿದ್ಯಾ ನೋಡಿ, ಹೊಸ ಕ್ರಿಯೇಟಿವ್ (ಆಡಿನ ಚಿತ್ರ, ವಿಡಿಯೋ) ಬೇಕು. ಪಕ್ಕದ ರಸ್ತೇಲಿ ಹೊಸ ಸ್ಪರ್ಧಿ ಬಂದಿದಾರಾ ಅನ್ನೋದು ಗೂಗಲ್ ಆಡ್ಸಿನ ಆಕ್ಷನ್ (ಹರಾಜು) ಇನ್‌ಸೈಟ್ಸಲ್ಲಿ ಕಾಣುತ್ತೆ.

"ಆಡ್ ಪದೇ ಪದೇ ರಿಜೆಕ್ಟ್" ಇಲ್ಲಾ "ಅಕೌಂಟೇ ಹೋಯ್ತು"

ರಿಜೆಕ್ಟ್ ಆದಾಗ ಪದ ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ಹಾಕೋದು ನಿಲ್ಸಿ. ಕೆಲವು ಸಲ ಪ್ಲಾಟ್‌ಫಾರ್ಮ್ ಮಾತ್ರ ಅಲ್ಲ, ಕಾನೂನೇ ಬೇಡ ಅಂತಿರುತ್ತೆ. ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾದ ಪ್ರಾಜೆಕ್ಟಿಗೆ ನೋಂದಣಿ ಆಗೋ ಮುಂಚೆ "ಪ್ರೀ ಲಾಂಚ್" ಅಂತ ಆಡ್ ಬಿಡೋ ಹಾಗಿಲ್ಲ, 2016ರ ಕಾಯ್ದೆ ಪ್ರಕಾರ ಬಿಲ್ಡರಿಗೆ ಪ್ರಾಜೆಕ್ಟ್ ವೆಚ್ಚದ 10% ತನಕ ದಂಡ ಬೀಳ್ಬಹುದು. ಕ್ಲೈಂಟ್ ಎಷ್ಟೇ ಒತ್ತಾಯ ಮಾಡ್ಲಿ, ಇಲ್ಲಿ ನಿಮ್ಮ ಮಟ್ಟದಲ್ಲಿ ಹೂಂ ಅನ್ಬೇಡಿ, ಮೇಲಿನವ್ರಿಗೆ ಮೇಲ್ ಹಾಕಿ.

ಅಕೌಂಟ್ ಸಸ್ಪೆಂಡ್ ಆದ್ರೆ ಬೇರೆ ಮೇಲ್ ಐಡಿ, ಬೇರೆ ಕಾರ್ಡ್ ಹಾಕಿ ಹೊಸ ಅಕೌಂಟ್ ತೆರೀಬೇಡಿ, ಅದನ್ನ ತಪ್ಪಿಸಿಕೊಳ್ಳೋ ಪ್ರಯತ್ನ ಅಂತ ತಿಳ್ಕೊಂಡು ಅದೂ ಹೋಗುತ್ತೆ. ಕಾರಣ ಓದಿ, ಸರಿ ಮಾಡಿ, ದಾಖಲೆ ಜೋಡಿಸಿ, ಒಂದು ಸಲ ನೆಟ್ಟಗೆ ಅಪೀಲ್ ಹಾಕಿ.

ಗೊತ್ತಿಲ್ಲದ ಭಾಷೇಲಿ, ಗೊತ್ತಿಲ್ಲದ ದೇಶಕ್ಕೆ ಆಡ್ ಓಡ್ತಿದೆ, ಬಿಸಿನೆಸ್ ಸೆಟ್ಟಿಂಗಲ್ಲಿ ಪರಿಚಯ ಇಲ್ಲದ ಅಡ್ಮಿನ್ ಇದಾರೆ ಅಂದ್ರೆ ಹ್ಯಾಕ್ ಆಗಿದೆ. ಇದೊಂದರಲ್ಲಿ ಕಾಯೋದಿಲ್ಲ. ಕಾರ್ಡ್ ಯಾರದೋ ಅವರಿಂದ ಮೊದಲು ಬ್ಯಾಂಕಿಗೆ ಫೋನ್ ಮಾಡಿಸಿ ಬ್ಲಾಕ್ ಮಾಡಿಸಿ, ಆಮೇಲೆ ಆ ಅಡ್ಮಿನ್ ತೆಗೀರಿ, ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಕಡೆಯಿಂದ ಲಾಗೌಟ್ ಮಾಡಿ, ಪ್ರತಿ ಹೆಜ್ಜೆಗೂ ಸ್ಕ್ರೀನ್‌ಶಾಟ್ ಇಡಿ, ದುಡ್ಡು ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿ. "ನಿಮ್ಮ ಪೇಜ್ 24 ಗಂಟೇಲಿ ಮುಚ್ತೀವಿ, ಇಲ್ಲಿ ಕ್ಲಿಕ್ ಮಾಡಿ" ಅನ್ನೋ ಮೆಸೇಜಿಂದಾನೇ ಇದು ಶುರುವಾಗೋದು ಜಾಸ್ತಿ. ಎರಡು ಹಂತದ ಭದ್ರತೆ ಎಲ್ಲಾ ಅಡ್ಮಿನ್‌ಗಳಿಗೂ ಕಡ್ಡಾಯ ಮಾಡಿ, ಕ್ಲೈಂಟಿನ ಪಾಸ್‌ವರ್ಡ್ ವಾಟ್ಸಾಪಲ್ಲಿ ತಗೋಳೋದು ಇವತ್ತಿಂದಾನೇ ನಿಲ್ಸಿ.

ನಂಬರೆಲ್ಲ ಚೆನ್ನಾಗಿದೆ, ಕ್ಲೈಂಟ್ ಮಾತ್ರ ತಣ್ಣಗಾಗಿದಾರೆ

ಇದು ಯಾವ ಡ್ಯಾಶ್‌ಬೋರ್ಡಲ್ಲೂ ಕಾಣದ ದೋಷ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರದ್ದು. ಬೈಯೋ ಕ್ಲೈಂಟ್ ಇನ್ನೂ ನಿಮ್ಮ ಜೊತೆ ಇದಾರೆ. ಮೊದಲು ಎರಡು ನಿಮಿಷಕ್ಕೆ ಉತ್ತರ ಕೊಡ್ತಿದ್ದೋರು ಈಗ ಎರಡು ದಿನಕ್ಕೆ "ಓಕೆ" ಅಂತಾರೆ, ಕ್ರಿಯೇಟಿವ್ ಅಪ್ರೂವಲ್ ವಾರಗಟ್ಟಲೆ ನಿಲ್ಲುತ್ತೆ, ತಿಂಗಳ ಮೀಟಿಂಗಿಗೆ ಮಾಲೀಕರ ಬದಲು ಯಾರೋ ಹೊಸಬ್ರು ಬರ್ತಾರೆ, ಎಲ್ಲಾ ಅಕೌಂಟಿನ ಅಡ್ಮಿನ್ ಅಕ್ಸೆಸ್ ಕೇಳ್ತಾರೆ.

ಅಕ್ಸೆಸ್ ಕೇಳಿದ್ರೆ ಅದೇ ದಿನ ಕೊಟ್ಬಿಡಿ, ಅದು ಅವರ ಆಸ್ತಿ, ತಡ ಮಾಡಿದ್ರೆ ಇದ್ದ ಸ್ವಲ್ಪ ನಂಬಿಕೆನೂ ಹೋಗುತ್ತೆ. ಆಮೇಲೆ ಮೇಲ್ ಬೇಡ, ಫೋನೂ ಬೇಡ, ಸಾಧ್ಯ ಆದ್ರೆ ಅವರ ಅಂಗಡಿಗೇ ಹೋಗಿ. ಧಾರವಾಡದ ಒಂದು ಸೀರೆ ಅಂಗಡಿಯವ್ರು ಹೀಗೇ ಮೌನ ಆಗಿದ್ರು, ನಾನು ರಾತ್ರಿ ಬಸ್ ಹತ್ತಿ ಹೋದೆ, ಲ್ಯಾಪ್‌ಟಾಪ್ ತೆಗೀಲಿಲ್ಲ, ಗಲ್ಲಾ ಪಕ್ಕ ಕೂತು ಚಹಾ ಕುಡಿದೆ. ಅರ್ಧ ಗಂಟೆ ಆದ್ಮೇಲೆ ಅವರು ಹೇಳಿದ್ರು, "ನೀವು ಕಳಸೋ ರಿಪೋರ್ಟ್ ನಮಗ ತಿಳಿಯಂಗಿಲ್ರೀ, ಕೇಳಾಕ ನಾಚಿಕಿ ಆಗ್ತದ." ಹದಿನಾಲ್ಕು ಪುಟದ ಇಂಗ್ಲಿಷ್ ರಿಪೋರ್ಟ್ ಒಂದು ವರ್ಷ ಕಳಿಸಿದ್ವಿ ಅವರಿಗೆ. ಮುಂದಿನ ತಿಂಗಳಿಂದ ಒಂದೇ ಪುಟ, ಕನ್ನಡದಲ್ಲಿ, ಎಷ್ಟು ದುಡ್ಡು ಹೋಯ್ತು, ಎಷ್ಟು ಜನ ಫೋನ್ ಮಾಡಿದ್ರು, ಎಷ್ಟು ಜನ ಅಂಗಡಿಗೆ ಬಂದ್ರು, ಮುಂದೆ ಏನ್ ಮಾಡ್ತೀವಿ, ಇಷ್ಟೇ.

ಪೇಮೆಂಟ್ ತಡ ಆಗ್ತಿದ್ರೆ ಕೋಪ ಅಂತ ತಿಳ್ಕೊಳೋ ಮುಂಚೆ ಅವರ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ, ಜಿಎಸ್‌ಟಿ ನಂಬರ್ ತಪ್ಪಿದೆ, ಪಿಒ (ಖರೀದಿ ಆದೇಶ) ನಂಬರ್ ಇಲ್ಲ ಅಂತ ಬಿಲ್ ಟ್ರೇಲೇ ಕೂತಿರುತ್ತೆ. ದುಡ್ಡು ಕಮ್ಮಿ ಬಂದಿದ್ರೆ ಟಿಡಿಎಸ್ (ಕೊಡೋ ಮುಂಚೇನೇ ಹಿಡಿಯೋ ತೆರಿಗೆ) ಕಟ್ ಆಗಿದ್ಯಾ ನೋಡಿ. ಬರೋದು ಎರಡು ತಿಂಗಳಿಗಿಂತ ಹಿಂದೆ ಬಿದ್ದಿದ್ರೆ, ಅದೂ ಆಡ್ ದುಡ್ಡನ್ನ ಏಜೆನ್ಸಿನೇ ಮುಂಗಡ ಹಾಕ್ತಿದ್ರೆ, ಇದು ನಿಮ್ಮ ಕೈ ಮೀರಿದ ವಿಷಯ, ಸಂಬಂಧ ಕೆಡುತ್ತೆ ಅಂತ ಮುಚ್ಚಿಡದೆ ನಿಮ್ಮ ಏಜೆನ್ಸಿ ಮಾಲೀಕರಿಗೆ ತಿಳಿಸಿ. ಏಜೆನ್ಸಿ ಉದ್ಯಮ್ ನೋಂದಣಿ ಇರೋ ಸಣ್ಣ ಸಂಸ್ಥೆ ಆಗಿದ್ರೆ ಒಪ್ಪಂದ ಏನೇ ಇದ್ರೂ ಪೇಮೆಂಟ್ 45 ದಿನ ದಾಟೋ ಹಾಗಿಲ್ಲ ಅಂತ ಸಣ್ಣ ಉದ್ದಿಮೆಗಳ 2006ರ ಎಂಎಸ್ಎಂಇಡಿ ಕಾಯ್ದೆ ಹೇಳುತ್ತೆ, ಆದ್ರೆ ಆ ಮಾತು ಎತ್ತೋದು ನೀವಲ್ಲ, ಅವರು.

ತಪ್ಪು ನಮ್ಮದೇ ಆಗಿದ್ರೆ

ದಿನಕ್ಕೆ 5,000 ಹಾಕೋ ಕಡೆ ನಮ್ಮ ಟೀಮಲ್ಲಿ ಒಬ್ರು 50,000 ಹಾಕಿದ್ರು, ಶುಕ್ರವಾರ ಸಂಜೆ. ಗೂಗಲ್ ಒಂದು ದಿನಕ್ಕೆ ಹಾಕಿರೋ ಬಜೆಟ್ಟಿನ ಎರಡು ಪಟ್ಟು ತನಕ ಖರ್ಚು ಮಾಡ್ಬಹುದು, ತಿಂಗಳ ಲೆಕ್ಕದಲ್ಲಿ 30.4 ದಿನಕ್ಕೆ ಸರಿದೂಗಿಸುತ್ತೆ, ಆದ್ರೆ ಒಂದು ಸೊನ್ನೆ ಜಾಸ್ತಿ ಆದ್ಮೇಲೆ ಆ ಲೆಕ್ಕನೂ ಕಾಪಾಡಲ್ಲ. ಶನಿವಾರ ಬೆಳಗ್ಗೆ ನೋಡೋ ಹೊತ್ತಿಗೆ 38,000 ಹೋಗಿತ್ತು.

ಹೀಗಾದ್ರೆ ಮಾಡೋ ಕ್ರಮ: ಆ ಒಂದು ಕ್ಯಾಂಪೇನ್ ಮಾತ್ರ ನಿಲ್ಲಿಸಿಡಿ, ಉಳಿದಿದ್ದು ಓಡ್ತಿರ್ಲಿ. ಚೇಂಜ್ ಹಿಸ್ಟರಿಯ ಸ್ಕ್ರೀನ್‌ಶಾಟ್ ತಗೊಳಿ, ಏನನ್ನೂ ಅಳಿಸ್ಬೇಡಿ. ಮೇಲಿನವ್ರಿಗೆ ಫೋನ್ ಮಾಡಿ, ಮೆಸೇಜ್ ಸಾಲಲ್ಲ. ದುಡ್ಡು ವಾಪಸ್ ಕೊಡ್ತೀವಿ ಅನ್ನೋ ಮಾತು ಕ್ಲೈಂಟಿಗೆ ನೀವು ಕೊಡೋ ಹಾಗಿಲ್ಲ, ಆ ನಿರ್ಧಾರ ಮೇಲಿಂದ ಬರ್ಲಿ, ಆದ್ರೆ ಆಗಿರೋದನ್ನ ಕ್ಲೈಂಟ್ ತಾವಾಗೇ ಕಂಡುಹಿಡಿಯೋ ಮುಂಚೆ ನೀವೇ ಹೇಳ್ಬೇಕು. ತಪ್ಪು ಮಾಡಿದ ಹುಡುಗನ ಹೆಸರು ಹೇಳೋದು ಬೇಡ, "ನಮ್ಮ ಕಡೆಯಿಂದ ಆಗಿದೆ" ಅಂದ್ರೆ ಸಾಕು. ನಾನು ಅವತ್ತು ಹನ್ನೊಂದು ಗಂಟೆಗೆ ಫೋನ್ ಮಾಡಿದೆ, ಅವರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಸೋಮವಾರ ಬನ್ನಿ, ಕೂತು ಮಾತಾಡೋಣ" ಅಂದ್ರು. ಏಜೆನ್ಸಿ ಆ ದುಡ್ಡನ್ನ ಮುಂದಿನ ಬಿಲ್ಲಲ್ಲಿ ಕಳೆದುಕೊಡ್ತು. ಅಲ್ಲಿಂದ ಮುಂದೆ ನಮ್ಮಲ್ಲಿ ಬಜೆಟ್ ಯಾರೇ ಬದಲಾಯಿಸಿದ್ರೂ ಇನ್ನೊಬ್ರು ಆ ನಂಬರನ್ನ ಬಾಯಿಬಿಟ್ಟು ಓದ್ಬೇಕು, ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಬಜೆಟ್ ಮುಟ್ಟೋ ಹಾಗಿಲ್ಲ, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಡ್ಯೂಟೀಲಿರೋರು ಎಲ್ಲಾ ಅಕೌಂಟಿನ ಖರ್ಚಿನ ಕಾಲಂ ಒಂದು ಸಲ ನೋಡಿ ಗ್ರೂಪಲ್ಲಿ "ನೋಡಿದೆ" ಅಂತ ಹಾಕ್ಬೇಕು.